ಮುಚ್ಚಳದ ಮೇಲಿನ ಬಿದಿರು ಮೊಳೆ

ಮೊನ್ನೆ ಚಹಾ ಅಂಗಡಿಗೆ ಹೊಸದಾಗಿ ಬಂದ ಮ್ಯಾನೇಜರ್ ಕಿಟಕಿ ಬದಿಯ ಮೇಜಿನ ಮೇಲಿದ್ದ, ಮುಚ್ಚಳದ ಮೇಲೆ ಪೆನ್ನಿನ ಕ್ಯಾಪು ನಿಂತ ಬಟ್ಟಲಿಗೆ ಕೈ ಹಾಕಿದ. ನಾನು ಅವನ ಮಣಿಕಟ್ಟು ಹಿಡಿದೆ. ಎಪ್ಪತ್ತರ ಮುದುಕನ ಹಿಡಿತ ಅಷ್ಟು ಬಿಗಿಯಾಗಿರಬಹುದೆಂದು ಅವನು ಎಣಿಸಿರಲಿಲ್ಲ.

"ಯಾರದ್ದು ಇದು? ಕುಡಿಯೋರೇ ಇಲ್ವಲ್ಲ," ಎಂದ.

"ಇದ್ದಾರೆ. ಎದ್ದು ಹೋಗಿದ್ದಾರೆ, ಅಷ್ಟೇ," ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದರೆ ಯಾನ್ ಅಕ್ಕನ ಕತೆ ಹೇಳಬೇಕು. ಅವಳು ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಇನ್ನು ಹೇಳಿದರೆ ಅವಳಿಗೇನೂ ತೊಂದರೆಯಿಲ್ಲ, ನನಗೆ ಆದರೆ ಆಗಲಿ.

ನಾನು ಪು. ಕಿವಿಯ ಗುಗ್ಗೆ ತೆಗೆಯುವವನು. ನಗಬೇಡಿ, ತೋ ನದಿಯ ದಂಡೆಯ ನಮ್ಮ ಪೇಟೆಯಲ್ಲಿ ಅದೂ ಮರ್ಯಾದೆಯ ಕಸುಬೇ. ಬಿದಿರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತವನ ಕಿವಿಯೊಳಗೆ ಬಾತುಕೋಳಿಯ ಪುಕ್ಕ ಆಡಿಸುತ್ತಿದ್ದರೆ, ಹೆಂಡತಿಗೂ ಹೇಳದ್ದನ್ನು ಅವನು ನನಗೆ ಹೇಳುತ್ತಾನೆ. ಈ ಊರಿನ ಬಗ್ಗೆ ನನಗೆ ಗೊತ್ತಿರುವಷ್ಟು ಬೀದಿ ಸಮಿತಿಯ ಕಡತಕ್ಕೂ ಗೊತ್ತಿಲ್ಲ.

ಯಾನ್ ಸುಝೆನ್ ಹದಿನೇಳನೆಯ ವಯಸ್ಸಿಗೆ ಈ ಚಹಾ ಅಂಗಡಿಗೆ ಸೊಸೆಯಾಗಿ ಬಂದವಳು. ಯುದ್ಧದ ಕಾಲದಲ್ಲಿ ಹಳೆ ಸರ್ಕಾರದವರು ಅವಳ ಗಂಡನನ್ನು ಇದೇ ಹೊಸ್ತಿಲಿನಿಂದ ಹಗ್ಗ ಕಟ್ಟಿ ಸೇನೆಗೆ ಎಳೆದೊಯ್ದರು. ಅವನ ಕೈಯಿಂದ ಬಿದ್ದ ತಾಮ್ರದ ಕೆಟ್ಲನ್ನು ಇವಳು ಎತ್ತಿಕೊಂಡಳು. ಗಂಡ ಮರಳಲಿಲ್ಲ. ಇವಳು ಕೆಟ್ಲು ಕೆಳಗಿಡಲಿಲ್ಲ. ಮಾರುದ್ದದ ಮೂತಿಯ ಆ ಕೆಟ್ಲಿನಿಂದ ಒಂದು ಹನಿ ಚೆಲ್ಲದೆ ದೂರದಿಂದಲೇ ಬಟ್ಟಲು ತುಂಬಿಸುತ್ತಿದ್ದಳು. ಕೆಟ್ಲಿನ ಮೂತಿಗಿಂತ ಅವಳ ಬಾಯಿ ಉದ್ದ ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದರು. ಆಡಿಕೊಂಡವರು ಮರುದಿನ ಅಲ್ಲಿಗೇ ಬಂದು ಬೈಸಿಕೊಂಡು ಚಹಾ ಕುಡಿಯುತ್ತಿದ್ದರು.

ನಮ್ಮಲ್ಲಿ ಬಟ್ಟಲಿಗೊಂದು ಮುಚ್ಚಳವಿರುತ್ತದೆ. ಆ ಮುಚ್ಚಳವೇ ಮಾತು. ಅದನ್ನು ತಟ್ಟೆಗೆ ಒರಗಿಸಿಟ್ಟರೆ ಬಿಸಿನೀರು ಹಾಕು ಎಂದು. ಅಂಗಾತ ಮಾಡಿ ಬಟ್ಟಲೊಳಗೆ ಇಟ್ಟರೆ ನನ್ನದು ಮುಗಿಯಿತು, ತೆಗೆ ಎಂದು. ಮುಚ್ಚಿದ ಮುಚ್ಚಳದ ಮೇಲೆ ಎಲೆಯೋ ಗುಂಡಿಯೋ ಏನಾದರೊಂದು ಇಟ್ಟು ಎದ್ದರೆ ನಾನು ಮರಳಿ ಬರುತ್ತೇನೆ, ನನ್ನ ಜಾಗ ಕಾಯಿ ಎಂದು. ಅಂಥ ಬಟ್ಟಲನ್ನು ಯಾರೂ ಮುಟ್ಟುವಂತಿಲ್ಲ, ಅಂಗಡಿಯ ಒಡತಿ ಕೂಡ.

ಇನ್ನೊಂದು ಪದ್ಧತಿ ಇತ್ತು. ಇಬ್ಬರಿಗೆ ಜಗಳವಾದರೆ ಅವರು ಕಚೇರಿಗೆ ಹೋಗುತ್ತಿರಲಿಲ್ಲ, ಚಹಾಕ್ಕೆ ಬರುತ್ತಿದ್ದರು. ಅಂಗಡಿಯಲ್ಲಿ ಇದ್ದವರಿಗೆಲ್ಲ ಚಹಾ. ಎರಡೂ ಕಡೆಯವರು ಎಲ್ಲರ ಮುಂದೆ ತಮ್ಮದನ್ನು ಹೇಳಿಕೊಳ್ಳುವರು. ಹಿರಿಯನೊಬ್ಬ ಕೇಳಿ ತೀರ್ಪು ಹೇಳುವನು. ತಪ್ಪು ಯಾರದ್ದೋ ಅವರು ಅಷ್ಟೂ ಬಟ್ಟಲುಗಳ ಹಣ ಕೊಟ್ಟು ಎದ್ದು ಹೋಗುವರು. ಅಲ್ಲಿಗೆ ಮುಗಿಯಿತು, ಆಮೇಲೆ ಅದರ ಸುದ್ದಿ ಎತ್ತುವಂತಿರಲಿಲ್ಲ.

ನಮ್ಮ ಅಂಗಡಿಯ ಹಿರಿಯ ಕುವಾಂಗ್ ಅಜ್ಜ. ಶವಪೆಟ್ಟಿಗೆ ಮಾಡುವ ಬಡಗಿ. ಹೊಲವಿಲ್ಲ, ಹಣವಿಲ್ಲ, ಯಾವ ಗುಂಪಿನವನೂ ಅಲ್ಲ. ಜನ ಅವನ ಮಾತನ್ನೇ ಏಕೆ ನಂಬುತ್ತಾರೆ ಎಂದು ಯಾರೋ ಕೇಳಿದ್ದಕ್ಕೆ ಅವನು ಹೇಳಿದ್ದ: "ಎಲ್ರೂ ಕೊನೇಗೆ ನನ್ನ ಹತ್ರಾನೇ ಬರ್ಬೇಕಲ್ಲಪ್ಪ. ಅವಸರ ಮಾಡಿ ಮೋಸ ಮಾಡೋಕೆ ನನಗೇನು ದರ್ದು?"

ಇನ್ನು ಹೊಸ ಸರ್ಕಾರ, ಕ್ರಾಂತಿ ಮಾಡಿ ಬಂದ ಕಮ್ಯುನಿಸ್ಟರದ್ದು.

ಸುಳ್ಳು ಹೇಳುವುದಿಲ್ಲ, ಅವರು ಬಂದಾಗ ನಾವೆಲ್ಲ ಕುಣಿದೆವು. ಹಳೆ ಸೈನಿಕರು ಕೋಳಿ ಕದಿಯುತ್ತಿದ್ದರು. ಇವರು ಚಳಿಯಲ್ಲಿ ಬೀದಿಯಲ್ಲೇ ಮಲಗಿದರು, ನೀರು ಕುಡಿದದ್ದಕ್ಕೂ ಹಣ ಕೊಟ್ಟರು. ಅಫೀಮಿನ ಅಡ್ಡೆ ಮುಚ್ಚಿತು. ಅಕ್ಕಿಯ ಬೆಲೆ ಬೆಳಿಗ್ಗೆ ಒಂದು ಸಂಜೆ ಒಂದು ಆಗುವುದು ನಿಂತಿತು. ಯಾನ್ ಅಕ್ಕ ಮೂರು ದಿನ ಸೈನಿಕರಿಗೆಲ್ಲ ಪುಕ್ಕಟೆ ಚಹಾ ಹಾಕಿದಳು. "ನನ್ನ ಗಂಡನ್ನ ಕಟ್ಟಿಕೊಂಡು ಹೋದೋರನ್ನ ಓಡಿಸಿದೀರಲ್ಲ, ಕುಡೀರಪ್ಪ, ಹೊಟ್ಟೆ ತುಂಬ ಕುಡೀರಿ," ಎಂದು ಅತ್ತಳು.

ಆಮೇಲೆ ಕಾಗದ ಬಂತು. ಯಾವ ಮನೆಯಲ್ಲಿ ಎಷ್ಟು ಜನ, ಬರೆಸಿ. ಸರಿ, ಬರೆಸಿದೆವು. ನೆಂಟರು ಬಂದು ಉಳಿದರೆ ತಿಳಿಸಿ. ತಿಳಿಸಿದೆವು. ಅಜ್ಜ ಏನು ಮಾಡುತ್ತಿದ್ದ, ಹೊಲ ಎಷ್ಟಿತ್ತು, ಹಳೆ ಸೇನೆಯಲ್ಲಿ ಯಾರಿದ್ದರು? ಅದನ್ನೂ ಹೇಳಿದೆವು. ಮೊದಲು ಎಣಿಸಿದರು, ಆಮೇಲೆ ವಿಂಗಡಿಸಿದರು, ಆಮೇಲೆ ಆರಿಸತೊಡಗಿದರು. ಎಣಿಸುವಾಗಲೇ ಕೇಳಬೇಕಿತ್ತು, ಯಾಕೆ ಎಂದು. ಯಾರೂ ಕೇಳಲಿಲ್ಲ. ಬಡಗಿಗಳ ಸಂಘ, ದೋಣಿಯವರ ಸಂಘ, ಉಪ್ಪಿನವರ ಸಂಘ ಒಂದೊಂದಾಗಿ ಬಾಗಿಲು ಹಾಕಿದವು. ಯಾನ್ ಅಕ್ಕನ ಸೂರಿಗೆ ಧ್ವನಿವರ್ಧಕ ಕಟ್ಟಿದರು. ಅದು ಬೆಳಗಿನಿಂದ ಸಂಜೆಯವರೆಗೆ ಹರಟುತ್ತಿತ್ತು.

"ಗಿರಾಕಿಗಳಾದ್ರೆ ಮಾತಾಡಿ ಮಾತಾಡಿ ಬಾಯಾರಿ ಚಹಾ ಕೇಳ್ತಾರೆ. ಇದಕ್ಕೆ ಬಾಯಾರೋದೂ ಇಲ್ಲ," ಎಂದು ಅಕ್ಕ ಅದರ ಕಡೆ ಕೆಟ್ಲು ಎತ್ತಿ ತೋರಿಸುತ್ತಿದ್ದಳು.

ಪೇಟೆಯ ಜವಾಬ್ದಾರಿಗೆಂದು ಬಂದವನು ಕಾಮ್ರೇಡ್ ಚಿಯಾವ್. ಉತ್ತರದ ಶಾನ್ಶಿಯವನು, ವಯಸ್ಸು ಇಪ್ಪತ್ತಾರು. ಜೇಬಿನಲ್ಲಿ ಶಾಯಿ ಪೆನ್ನು, ಕೈಯಲ್ಲಿ ನೋಟುಬುಕ್ಕು. ದಿನವೂ ಬಂದು ಚಹಾ ತರಿಸಿಕೊಂಡು, ಬೇಗ ಆರಲಿ ಎಂದು ಮುಚ್ಚಳವನ್ನು ಅಂಗಾತ ಮಾಡಿ ಬಟ್ಟಲಿಗೇ ಇಡುತ್ತಿದ್ದ. ಯಾನ್ ಅಕ್ಕ ಬಂದವಳೇ ಬಟ್ಟಲು ಎತ್ತಿಕೊಂಡು ಹೋಗಿ ಚೆಲ್ಲುತ್ತಿದ್ದಳು. ನಾಲ್ಕು ದಿನ ಹೀಗೇ ಆಯಿತು. ಐದನೆಯ ದಿನ ಅವನ ಕಿವಿ ನನ್ನ ಕೈಗೆ ಸಿಕ್ಕಿತು. ತೊಡೆಯ ಮೇಲೆ ನೋಟುಬುಕ್ಕು ತೆರೆದಿತ್ತು. ನನಗೆ ಓದು ಬರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. 'ಚಹಾ ಅಂಗಡಿಯ ಹೆಂಗಸು: ಸರ್ಕಾರಕ್ಕೆ ವಿರೋಧಿ ಮನೋಭಾವ' ಎಂದು ಬರೆದಿತ್ತು.

ಪುಕ್ಕ ಆಡಿಸುವುದನ್ನು ನಿಲ್ಲಿಸಿದೆ. "ಸಾಹೇಬ್ರೇ, ಅಕ್ಕ ವಿರೋಧಿ ಅಲ್ಲ. ನೀವೇ ತೆಗೀರಿ ಅಂತ ಹೇಳ್ತಿದೀರಿ," ಎಂದು ಮುಚ್ಚಳದ ಲೆಕ್ಕಾಚಾರ ಬಿಡಿಸಿ ಹೇಳಿದೆ.

ಅವನು ನನ್ನ ಪುಕ್ಕ ಮುರಿಯುವಷ್ಟು ನಕ್ಕ. ಆ ಹಾಳೆಯನ್ನು ಹರಿದು ಒಲೆಗೆ ಹಾಕಿದ. ಯಾನ್ ಅಕ್ಕನ ಮುಂದೆ ಹೋಗಿ, "ಕಾಮ್ರೇಡ್ ಯಾನ್, ನನ್ನಿಂದ ತಪ್ಪಾಯಿತು," ಎಂದ.

"ತಪ್ಪಾದೋರು ಎಲ್ರ ಚಹಾದ ಹಣ ಕೊಡ್ಬೇಕು ನಮ್ಮಲ್ಲಿ," ಎಂದಳು ಅವಳು. ಅವನು ಕೊಟ್ಟ. ಆ ದಿನದಿಂದ ಅವನ ಮೇಲೆ ನಮಗೆ ಸ್ವಲ್ಪ ಪ್ರೀತಿ ಹುಟ್ಟಿತು ಎಂದೇ ಹೇಳಬೇಕು.

ಬೀದಿ ಸಮಿತಿಗೆ ಮುಖ್ಯಸ್ಥನಾದವನು ಮಾತ್ರ ನಮ್ಮೂರಿನವನೇ, ನಿಯೆ. ಮೊನ್ನೆಮೊನ್ನೆಯವರೆಗೆ ಜೂಜಿನ ಅಡ್ಡೆಯ ಬಾಗಿಲು ಕಾಯುತ್ತಿದ್ದವನು. ಬಡವರಲ್ಲಿ ಬಡವ ಎಂದು ವರ್ಗದ ಪಟ್ಟಿಯಲ್ಲಿ ಬರೆಸಿಕೊಂಡು ಕೆಂಪು ತೋಳಪಟ್ಟಿ ಕಟ್ಟಿಕೊಂಡ. ಗಾಳಿ ಬಂದಾಗ ತೂರಿಕೊಳ್ಳುವುದು ಅವನಿಗೆ ಹುಟ್ಟಿನಿಂದಲೇ ಬಂದ ವಿದ್ಯೆ. ಇನ್ನು ಮೇಲೆ ಚಹಾ ಪಂಚಾಯ್ತಿ ಬಂದ್, ಜಗಳಗಳೆಲ್ಲ ಸಮಿತಿಗೆ ಬರಬೇಕು ಎಂದು ಅವನೇ ತಮಟೆ ಬಡಿಸಿ ಸಾರಿದ. ಸಮಿತಿಯಲ್ಲಿ ತೀರ್ಪು ಸುಲಭ. ಇಬ್ಬರಲ್ಲಿ ಯಾರ ಅಜ್ಜನಿಗೆ ಹೊಲ ಹೆಚ್ಚಿತ್ತೋ ಅವನದ್ದೇ ತಪ್ಪು. ಚರಂಡಿ ನೀರು ಯಾರ ಕಡೆ ಹರಿಯಿತು ಎಂಬುದನ್ನು ಯಾರೂ ನೋಡುತ್ತಿರಲಿಲ್ಲ. ಹಾಗಾಗಿ ಜನ ಮತ್ತೆ ಸದ್ದಿಲ್ಲದೆ ಕುವಾಂಗ್ ಅಜ್ಜನ ಮೇಜಿಗೇ ಬಂದು ಕೂತರು.

ಐವತ್ತೊಂದರ ವಸಂತದಲ್ಲಿ ಮೇಲಿನಿಂದ ಆಜ್ಞೆ ಬಂತು. ಕ್ರಾಂತಿಯ ಶತ್ರುಗಳನ್ನು ಹುಡುಕಿ. ಪ್ರತಿ ಪೇಟೆಯಿಂದ ಇಷ್ಟು ಜನ. ನಮ್ಮ ಪಾಲಿಗೆ ಮೂವರು. ಇಬ್ಬರು ತಟ್ಟನೆ ಸಿಕ್ಕರು, ಅವರು ಮೊದಲಿನಿಂದ ಊರು ಹಿಂಡಿದ ದಗಾಕೋರರೇ. ಮೂರನೆಯವನ ಹೆಸರು ನಿಯೆ ಕೊಟ್ಟ. ಕುವಾಂಗ್, ಬಡಗಿ, ಖಾಸಗಿ ನ್ಯಾಯಾಲಯ ನಡೆಸಿ ಬಡವರನ್ನು ಹಿಂಸಿಸಿದ ದಬ್ಬಾಳಿಕೆಗಾರ.

ಬೆಳಗಿನ ಹೊತ್ತು. ಅಜ್ಜ ಕಿಟಕಿ ಬದಿಯ ತನ್ನ ಮೇಜಿನಲ್ಲಿ ಎರಡನೆಯ ನೀರು ಹಾಕಿಸಿಕೊಂಡಿದ್ದ. ಬಂದೂಕು ಹಿಡಿದ ಇಬ್ಬರು ಬಂದು ನಿಂತರು.

"ಏಳು," ಎಂದ ನಿಯೆ.

"ಬಿಸಿ ಇದೆ ಕಣಯ್ಯ, ಕುಡಿದು ಬರ್ತೀನಿ."

"ಏಳು ಅಂದೆ."

ಅಜ್ಜ ಬಟ್ಟಲಿಗೆ ಮುಚ್ಚಳ ಮುಚ್ಚಿದ. ಪೆಟ್ಟಿಗೆಯ ಹಲಗೆಗೆ ಬಡಿಯುವ ಬಿದಿರಿನ ಮೊಳೆ ಅವನ ಜೇಬಿನಲ್ಲಿ ಸದಾ ಇರುತ್ತಿತ್ತು. ಒಂದನ್ನು ತೆಗೆದು ಮುಚ್ಚಳದ ಮೇಲೆ ಇಟ್ಟ. ಯಾನ್ ಅಕ್ಕನ ಮುಖ ನೋಡಿ, "ಸುಝೆನ್, ಬರ್ತೀನಮ್ಮ," ಎಂದ. ಅವನ ಕೈ ಹಿಂದಕ್ಕೆ ಕಟ್ಟಿ ಕರೆದೊಯ್ದರು. ಮುಚ್ಚಳದ ಅಂಚಿನಿಂದ ಇನ್ನೂ ಹಬೆ ಬರುತ್ತಿತ್ತು.

ದೂರು ಸಿದ್ಧವಾಯಿತು. ನಮ್ಮ ಬೀದಿಯ ನಲವತ್ತಮೂರು ಮನೆಗಳಿಂದ ಮೂವತ್ತೊಂದು ಹೆಬ್ಬೆಟ್ಟು ಬಿದ್ದವು. ಆದರೆ ಪಂಚಾಯ್ತಿ ನಡೆದದ್ದು ಯಾನ್ ಅಕ್ಕನ ಅಂಗಡಿಯಲ್ಲಿ. ಅವಳ ಹೆಬ್ಬೆಟ್ಟು ಇಲ್ಲದಿದ್ದರೆ ಕಾಗದಕ್ಕೆ ತಲೆಯಿಲ್ಲ. ನಿಯೆ ಕಾಗದ, ಕೆಂಪು ಶಾಯಿಯ ಡಬ್ಬಿ ಎರಡನ್ನೂ ಹಿಡಿದು ಬಂದ.

"ಒತ್ತಿಬಿಡು ಅಕ್ಕ. ನಿನ್ನ ಗಂಡ ಹಳೆ ಸೇನೇಲಿದ್ದ ಅನ್ನೋದು ನಮ್ಮ ಕಡತದಲ್ಲಿದೆ. ಒತ್ತಿದ್ರೆ ಅದು ಅಲ್ಲೇ ಮಲಗಿರುತ್ತೆ. ಇಲ್ಲಾಂದ್ರೆ ಎದ್ದು ಕೂರುತ್ತೆ."

"ಅವನು ಸೇನೇಲಿದ್ನಾ? ಹಗ್ಗದಲ್ಲಿದ್ದ ಕಣೋ! ಹಗ್ಗದ ಇನ್ನೊಂದು ತುದಿ ಹಿಡಿದೋರಿಗೆ ನಮ್ಮ ಮನೆ ತೋರಿಸಿದ್ದು ಯಾರು ಅಂತ ಹೇಳ್ಲಾ?"

ನಿಯೆ ಡಬ್ಬಿ ಮೇಜಿನ ಮೇಲೆ ಕುಕ್ಕಿದ. "ನಾಡಿದ್ದು ಸಭೆ. ಅಲ್ಲೀವರೆಗೆ ಟೈಮು," ಎಂದು ಹೋದ.

ಅಂದು ಮಧ್ಯಾಹ್ನ ಯಾನ್ ಅಕ್ಕ ನನ್ನ ಕುರ್ಚಿಯಲ್ಲಿ ಬಂದು ಕೂತಳು. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕೂತವಳಲ್ಲ. "ಕಿವಿ ನೋಡೋ ಪು. ಆ ಮೈಕು ಕೇಳಿ ಕೇಳಿ ಕಟ್ಟಿಹೋಗಿದೆ."

ನಾನು ಬಿದಿರು ಕಡ್ಡಿ ತೆಗೆದೆ. ಅವಳು ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

"ಒತ್ತದೇ ಇದ್ರೆ ಅಂಗಡಿ ಹೋಗುತ್ತೆ, ಅಲ್ವೇನೋ?"

"ಹೋಗುತ್ತೆ ಅಕ್ಕ."

"ಒತ್ತಿದ್ರೆ ಅಜ್ಜ ಹೋಗ್ತಾನೆ. ಗುಂಡು ಹೊಡೀತಾರೆ."

ನಾನು ಕಡ್ಡಿಯನ್ನು ಬಟ್ಟೆಗೆ ಒರೆಸಿ ಮತ್ತೆ ಅವಳ ಕಿವಿಗೆ ಹಾಕಿದೆ.

"ಮೂವತ್ತೊಂದು ಮಂದಿ ಒತ್ತಿದಾರಂತೆ. ಎಂಥ ಮುಟ್ಟಾಳರು ಇರ್ಬೇಕು ಹೇಳು, ಅಜ್ಜ ಅವರಪ್ಪಂದಿರಿಗೆಲ್ಲ ಪೆಟ್ಟಿಗೆ ಮಾಡಿಕೊಟ್ಟೋನು..."

ನನ್ನ ಕೈ ತಪ್ಪಿತು. ಕಡ್ಡಿ ಹೊರಗೆ ತೆಗೆದೆ, ಇಲ್ಲದಿದ್ದರೆ ಅವಳ ಕಿವಿ ಹರಿಯುತ್ತಿತ್ತು. ಅವಳು ಕಣ್ಣು ಬಿಟ್ಟು ನನ್ನ ಬಲಗೈ ಹಿಡಿದು ತಿರುಗಿಸಿದಳು. ಹೆಬ್ಬೆರಳಿನ ಗೆರೆಗಳಲ್ಲಿ ಕೆಂಪು ಇನ್ನೂ ಉಳಿದಿತ್ತು. ಎಷ್ಟು ತಿಕ್ಕಿದರೂ ಹೋಗಿರಲಿಲ್ಲ.

"ಹೆದರಿಕೆ ಆಯ್ತು ಅಕ್ಕ," ಎಂದೆ. "ಓದು ಎಲ್ಲಿ ಕಲಿತೆ, ಯಾರು ಕಲಿಸಿದ್ರು, ಜಮೀನ್ದಾರರ ಪೈಕಿನಾ ಅಂತೆಲ್ಲ ಕೇಳಿದ್ರು."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ನನ್ನ ಕೈಯನ್ನು ನನ್ನ ಮಡಿಲಿಗೇ ಮೆಲ್ಲಗೆ ಇಟ್ಟು ಎದ್ದಳು. "ಇನ್ನೊಂದು ಕಿವಿ ಬಾಕಿ ಇರ್ಲಿ," ಎಂದು ಕೆಟ್ಲು ಎತ್ತಿಕೊಂಡು ಹೋದಳು. ಅವತ್ತು ನನ್ನ ಮೇಲೆ ನನಗೆ ಬಂದಷ್ಟು ಅಸಹ್ಯ ಯಾವ ಸರ್ಕಾರದ ಮೇಲೂ ಬಂದಿಲ್ಲ.

ಸಭೆ ನಡೆದದ್ದು ಉಪ್ಪಿನವರ ಸಂಘದ ಹಳೆ ನಾಟಕದ ಅಂಗಳದಲ್ಲಿ. ಮೇಲೆ ವೇದಿಕೆ, ಕೆಳಗೆ ಇಡೀ ಪೇಟೆ. ಮೂವರನ್ನೂ ಕುತ್ತಿಗೆಗೆ ಹಲಗೆ ನೇತುಹಾಕಿ ಮಂಡಿಯೂರಿಸಿದ್ದರು. ಮೊದಲು ಆ ಇಬ್ಬರ ಸರದಿ. ನಿಯೆ ಕೂಗಿದ: "ಕೊಲ್ಲಬೇಕೋ ಬೇಡವೋ?" ಅಂಗಳವೆಲ್ಲ ಕೂಗಿತು: "ಕೊಲ್ಲಬೇಕು!" ನಾನೂ ಕೂಗಿದೆ. ಯಾನ್ ಅಕ್ಕನೂ ಕೂಗಿದಳು. ಆ ನಾಯಿಗಳಿಗೆ ಅದು ಸಲ್ಲಬೇಕಾದ್ದೇ ಎಂದು ಅಂದುಕೊಂಡೆವು. ಈಗ ಯೋಚಿಸಿದರೆ ಅವರ ಜಾಣತನ ಅಲ್ಲೇ ಇತ್ತು ಎನಿಸುತ್ತದೆ. ನಿಜವಾದ ಪಾಪಿಗಳನ್ನು ಮೊದಲು ತಂದು ನಮ್ಮ ಬಾಯಿಗೆ ರೂಢಿ ಮಾಡಿಸಿದರು.

ವೇದಿಕೆಯ ಮೇಲಿದ್ದವರಿಗೆ ಚಹಾ ಹಾಕಲು ಯಾನ್ ಅಕ್ಕನನ್ನೇ ಕರೆಸಿದ್ದರು. ಮೂರನೆಯ ಹೆಸರು ಬಂದಾಗ ಅವಳು ಕೆಟ್ಲು ಹಿಡಿದು ಅಲ್ಲೇ ನಿಂತಿದ್ದಳು. ಚಿಯಾವ್ ಕಾಗದ ನೋಡಿ, "ಸಾಕ್ಷಿ, ಯಾನ್ ಸುಝೆನ್. ನಿಮ್ಮ ಅಂಗಡಿಯಲ್ಲಿ ನಡೆದದ್ದನ್ನು ಜನರಿಗೆ ಹೇಳಿ," ಎಂದ.

ಅವಳು ಒಂದು ಬಟ್ಟಲಿಗೆ ಚಹಾ ಬಗ್ಗಿಸಿ, ನೇರ ಕುವಾಂಗ್ ಅಜ್ಜನ ಬಳಿ ಹೋಗಿ, ಕೈ ಕಟ್ಟಿದ್ದ ಅವನ ಬಾಯಿಗೆ ಹಿಡಿದಳು. ಅವನು ಎರಡು ಗುಟುಕು ಕುಡಿದ. ಬಂದೂಕಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನೇ ಅದು?" ಎಂದು ನಿಯೆ ಅರಚಿದ.

"ಪಂಚಾಯ್ತಿ ಅಂದ್ಮೇಲೆ ಎರಡೂ ಕಡೆಗೂ ಚಹಾ ಕೊಡ್ಬೇಕು. ಅವನು ಚಹಾ ಕೊಟ್ಟು ನ್ಯಾಯ ಹೇಳಿದ್ದೇ ತಪ್ಪು ಅಂತೀರಲ್ಲ. ಏನು ಹೇಳಿದ್ದ ಅಂತ ಕೇಳಿ." ಅವಳು ಅಂಗಳದ ಕಡೆ ತಿರುಗಿದಳು. ಕಷ್ಟವೇ ಇರಲಿಲ್ಲ ಅವಳಿಗೆ, ಹದಿನಾಲ್ಕು ಮೇಜುಗಳಾಚೆಗೆ ಕೂಗಿ ರೂಢಿಯಿದ್ದ ಗಂಟಲು. "ಆರು ವರ್ಷದ ಹಿಂದೆ ಸಂತೆ ಬೀದೀಲಿ ಒಬ್ಬ ಗಂಡಸು ಮೇಣದಬತ್ತಿ ಮಾಡೋರ ಹುಡುಗಿಯ ಜಡೆ ಹಿಡಿದು ಎಳೆದ. ಅವನ ಬೆನ್ನಿಗೆ ಜೂಜಿನ ಅಡ್ಡೆಯ ಧಣಿ ಇದ್ದ. ಇಡೀ ಊರು ಬಾಯಿ ಮುಚ್ಚಿಕೊಂಡಿತ್ತು. ಆಗ ಈ ಅಜ್ಜ..."

"ಸುಳ್ಳು! ನಾನು ಜಡೆ ಮುಟ್ಟಿರಲಿಲ್ಲ!" ಎಂದ ನಿಯೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಅಂಗಳದಲ್ಲಿ ಎಲ್ಲೋ ಒಬ್ಬರು ಕಿಸಕ್ಕೆಂದರು. ನಗು ಬೆಂಕಿಯಂತೆ ಹಬ್ಬಿತು.

"ನಿನ್ನ ಹೆಸರು ನಾನು ಹೇಳಿದ್ನೇನೋ ನಿಯೆ?" ಎಂದಳು ಅಕ್ಕ. "ಮೂವತ್ತಾರು ಬಟ್ಟಲು. ಒಂದೊಂದನ್ನೂ ಎರಡು ಕೈಲಿ ಹಿಡಿದು ಮೇಜು ಮೇಜಿಗೂ ಕೊಟ್ಟು ಬಾ ಅಂತ ಅಜ್ಜ ಹೇಳಿದ್ದ. ಕೊಟ್ಟೋನು ಕೊಟ್ಟ, ಕುಡಿದೋರು ಇಲ್ಲೇ ಕೂತಿದೀರಿ. ಈಗ ಹೇಳಿ. ಅಜ್ಜನ ಕೈಲಿ ಅನ್ಯಾಯ ಆದೋರು ಯಾರಾದ್ರೂ ಇದ್ರೆ ಕೈ ಎತ್ತಿ. ಹೆಬ್ಬೆಟ್ಟು ಒತ್ತಿದೋರೇ ಎತ್ತಿ, ಪರ್ವಾಗಿಲ್ಲ."

ನನ್ನ ಕೈ ಅಂಗಿಯ ತೋಳಿನೊಳಗೇ ಇತ್ತು. ಯಾರ ಕೈಯೂ ಏಳಲಿಲ್ಲ.

"ಕೊಲ್ಲಬೇಕೋ ಬೇಡವೋ?" ನಿಯೆ ಮೈಕನ್ನು ಕಿತ್ತುಕೊಂಡು ಕಿರುಚಿದ. ಉತ್ತರವಿಲ್ಲ. ಮತ್ತೆ ಕಿರುಚಿದ. ನಾವೆಲ್ಲ ನಮ್ಮ ನಮ್ಮ ಚಪ್ಪಲಿ ನೋಡುತ್ತಿದ್ದೆವು. ಕೂಗುವುದಕ್ಕೆ ಹೆದರಿಕೆಯಾದಂತೆ ಕೂಗದೆ ಇರುವುದಕ್ಕೂ ಹೆದರಿಕೆಯಾಗುತ್ತಿತ್ತು. ಆದರೂ ಎರಡು ಸಾವಿರ ಬಾಯಿಗಳು ಮುಚ್ಚಿಯೇ ಇದ್ದವು. ಚಿಯಾವ್ ಪೆನ್ನು ಹಿಡಿದು ಆ ಮೌನವನ್ನು ಬಹಳ ಹೊತ್ತು ಕೇಳಿಸಿಕೊಂಡ. ಆಮೇಲೆ ಕಡತ ಮುಚ್ಚಿ, "ಇದರ ತೀರ್ಮಾನ ಆಮೇಲೆ," ಎಂದ.

ಆ ಇಬ್ಬರಿಗೆ ಅಂದೇ ಗುಂಡು ಬಿತ್ತು. ಕುವಾಂಗ್ ಅಜ್ಜನಿಗೆ ಹತ್ತು ವರ್ಷ, ರೈಲು ಹಳಿ ಹಾಕುವಲ್ಲಿ ಕಠಿಣ ದುಡಿಮೆ. ಇದು ಗೆಲುವೇ ಎಂದು ಕೇಳಬೇಡಿ. ಅವನಿಗಾಗ ಐವತ್ತೆಂಟು ದಾಟಿತ್ತು. ಆದರೆ ಬದುಕಿದ್ದ.

ಯಾನ್ ಅಕ್ಕನ ಕಡತ ನಿಯೆ ಹೇಳಿದಂತೆಯೇ ಎದ್ದು ಕೂತಿತು. ಶತ್ರು ಸೈನಿಕನ ಹೆಂಡತಿ. ವಾರಕ್ಕೊಮ್ಮೆ ಸಮಿತಿಗೆ ಹೋಗಿ ತಾನು ಯಾರ ಹತ್ತಿರ ಏನು ಮಾತಾಡಿದೆ ಎಂದು ಒಪ್ಪಿಸಬೇಕು. ದಿನವೂ ಬೀದಿ ಗುಡಿಸಬೇಕು. ಗುಡಿಸಿದಳು. ಸಮಿತಿಗೆ ಹೋಗಿ ಚಾಚೂ ತಪ್ಪದೆ ಒಪ್ಪಿಸಿದಳು ಕೂಡ: "ಸೋಮವಾರ ಬೆಕ್ಕಿನ ಜೊತೆ ಮಾತಾಡಿದೆ. ಅದರ ವರ್ಗ ಯಾವುದು ಅಂತ ಕೇಳೋಕೆ ಮರೆತೆ."

ಮತ್ತೆ ಆ ಬಟ್ಟಲು. ಅದು ಕಿಟಕಿ ಬದಿಯಲ್ಲಿ ಹಾಗೆಯೇ ಇತ್ತು. ಬೆಳಿಗ್ಗೆ ಮೊದಲ ಬಿಸಿನೀರು ಅದಕ್ಕೆ. ಮೊಳೆಯನ್ನು ಅಂಗೈಯಲ್ಲಿ ಹಿಡಿದು, ಮುಚ್ಚಳ ಸರಿಸಿ, ನೀರು ಹಾಕಿ, ಮತ್ತೆ ಮುಚ್ಚಿ, ಮೊಳೆ ಇಡುವಳು. ಸಂಜೆ ತೊಳೆಯುವಳು. ಆ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ, ಸಂತೆಯ ದಿನ ಕೂಡ.

ಒಂದು ಸಂತೆಯ ದಿನವೇ ನಿಯೆ ಬಂದ. ಅಂಗಡಿ ಕಿಕ್ಕಿರಿದಿತ್ತು.

"ಕೈದಿಯ ಬಟ್ಟಲು ಪೂಜೆ ಮಾಡ್ತಿದೀಯ? ತೆಗಿ ಅದನ್ನ."

"ಮುಚ್ಚಳದ ಮೇಲೆ ಮೊಳೆ ಇದೆ, ಕಾಣಲ್ವಾ? ಅದಿರೋವರೆಗೆ ತೆಗೆಯೋ ಹಕ್ಕು ನನಗೂ ಇಲ್ಲ, ನಿನಗೂ ಇಲ್ಲ, ನಿನ್ನ ಸರ್ಕಾರಕ್ಕೂ ಇಲ್ಲ."

ಕೊನೆಯ ಮಾತಿಗೆ ಅಂಗಡಿಯೇ ತಣ್ಣಗಾಯಿತು. ನಿಯೆ ಬಟ್ಟಲಿನ ಕಡೆ ಕೈ ಚಾಚಿದ. ಆಗ ಮೇಣದಬತ್ತಿ ಮಾಡುವ ಮುದುಕ ತನ್ನ ಬಟ್ಟಲಿಗೆ ಮುಚ್ಚಳ ಮುಚ್ಚಿ ಮೇಲೊಂದು ಕಡಲೆಕಾಯಿ ಇಟ್ಟ. ಪಕ್ಕದವನು ಅಂಗಿಯ ಗುಂಡಿ ಕಿತ್ತು ಇಟ್ಟ. ಆಚೆಯವನು ಹೊಗೆಸೊಪ್ಪಿನ ಚೂರು. ಟಕ್ ಟಕ್ ಎಂದು ಹದಿನಾಲ್ಕೂ ಮೇಜಿನಲ್ಲಿ ಮುಚ್ಚಳಗಳು ಬಿದ್ದವು. ನಾನು ನನ್ನ ಬಾತುಕೋಳಿಯ ಪುಕ್ಕ ಇಟ್ಟೆ. ಯಾರೂ ಒಂದು ಮಾತೂ ಆಡಲಿಲ್ಲ. ಮಾತಾಡಿದರೆ ತಾನೇ ಬರೆದುಕೊಳ್ಳುವುದು? ನಿಯೆ ಸುತ್ತಲೂ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡು ಹೊರಟುಹೋದ.

ಮುಂದಿನ ವರ್ಷ ಇನ್ನೊಂದು ಆಂದೋಲನ ಬಂತು. ಈ ಸಲ ಶತ್ರುಗಳನ್ನು ತಮ್ಮವರೊಳಗೇ ಹುಡುಕಬೇಕೆಂದು ಆಜ್ಞೆ. ಹೊರಗಿನವರು ಮುಗಿದಿದ್ದರೋ ಏನೋ. ಒಂದು ಬೆಳಿಗ್ಗೆ ಚಿಯಾವ್ ಬಂದ. ಗಡ್ಡ ಹೆರೆದುಕೊಂಡಿರಲಿಲ್ಲ. ಚಹಾ ತರಿಸಿಕೊಂಡು ನಿಧಾನವಾಗಿ ಕುಡಿದ.

"ಜಿಲ್ಲೆಯಿಂದ ಕರೆ ಬಂದಿದೆ, ಯಾನ್ ಅಕ್ಕ," ಎಂದ. ಅಕ್ಕ ಎಂದು ಕರೆದದ್ದು ಅದೇ ಮೊದಲು. "ವಿಚಾರಣೆ ಅಂತೆ. ಶತ್ರುವಿನ ವಿಷಯದಲ್ಲಿ ಕೈ ಮೆತ್ತಗೆ ಮಾಡಿದ್ದೀಯ ಅಂತ ದೂರು ಹೋಗಿದೆ."

"ಯಾವ ಶತ್ರು?"

ಅವನು ಕಿಟಕಿ ಬದಿಯ ಬಟ್ಟಲಿನ ಕಡೆ ನೋಡಿದ. "ಪಟ್ಟಿಯಲ್ಲಿ ಮೂವರಿಗೂ ಒಂದೇ ಶಿಕ್ಷೆ ಬರೆದು ಕಳಿಸಿದ್ದರು. ಮೂರನೆಯದನ್ನು ನಾನು ತಿದ್ದಿದೆ."

ಯಾನ್ ಅಕ್ಕ ಕೆಟ್ಲು ಎತ್ತಿ ಅವನ ಬಟ್ಟಲು ಅಂಚಿನವರೆಗೆ ತುಂಬಿಸಿದಳು. ಅವನು ಕುಡಿಯಲಿಲ್ಲ. ಮುಚ್ಚಳವನ್ನು ಸರಿಯಾದ ಕಡೆ ಮುಚ್ಚಿದ, ಜೇಬಿನಿಂದ ಪೆನ್ನು ತೆಗೆದು ಅದರ ಕ್ಯಾಪು ಕಳಚಿ ಮುಚ್ಚಳದ ಮೇಲೆ ನಿಲ್ಲಿಸಿದ. "ಸರಿ ಇದೆಯಾ?" ಎಂದು ನನ್ನನ್ನು ಕೇಳಿದ.

"ಸರಿ ಇದೆ ಸಾಹೇಬ್ರೇ," ಎಂದೆ.

ಆ ಬಟ್ಟಲೂ ಕಿಟಕಿ ಬದಿಗೆ ಹೋಯಿತು. ಕೆಲವರಿಗೆ ಇದು ಹಿಡಿಸಲಿಲ್ಲ. ಅಜ್ಜನನ್ನು ಕಳಿಸಿದವನ ಬಟ್ಟಲನ್ನು ಅಜ್ಜನ ಪಕ್ಕದಲ್ಲೇ ಇಡುವುದೇ ಎಂದು ಮೇಣದಬತ್ತಿಯ ಮುದುಕ ಮುಖದ ಮೇಲೇ ಕೇಳಿದ. "ಮುಚ್ಚಳ ಇಟ್ಟೋನು ಯಾರು ಅಂತ ವಿಂಗಡಿಸೋಕೆ ಶುರು ಮಾಡಿದ್ರೆ ನಾನೂ ಸಮಿತಿ ಆದೆ," ಎಂದು ಯಾನ್ ಅಕ್ಕ ಅವನ ಬಾಯಿ ಮುಚ್ಚಿಸಿದಳು.

ಆಮೇಲೆ ಅಂಗಡಿ ಸರ್ಕಾರದ ಪಾಲಾಯಿತು. ತನ್ನದೇ ಅಂಗಡಿಯಲ್ಲಿ ಅವಳು ನೀರು ಹಾಕುವ ಕೂಲಿಯಾದಳು. ಆಮೇಲೆ ಹಸಿವಿನ ವರ್ಷಗಳು ಬಂದವು. ಚಹಾ ಸೊಪ್ಪಿರಲಿಲ್ಲ, ಬಟ್ಟಲಿಗೆ ಬರಿ ಬಿಸಿನೀರು. ಸೌದೆಯೂ ಇಲ್ಲದ ದಿನ ಅವಳು ತನ್ನ ಮಂಚದ ಹಲಗೆ ಉರಿಸಿದಳು. ಆಗಲೂ ಮೊದಲ ಎರಡು ಬಟ್ಟಲು ಕಿಟಕಿ ಬದಿಗೇ. ಅಷ್ಟರಲ್ಲಿ ನಿಯೆಯ ತೋಳಪಟ್ಟಿಯೂ ಬೇರೆಯವರ ತೋಳಿಗೆ ಹೋಗಿತ್ತು. ಮೂಲೆಯಲ್ಲಿ ಒಬ್ಬನೇ ಕೂತು ಬಿಸಿನೀರು ಕುಡಿಯುತ್ತಿದ್ದ. ಅವನ ಬಟ್ಟಲಿಗೂ ಅವಳು ಸಮನಾಗಿಯೇ ಹಾಕುತ್ತಿದ್ದಳು.

ಅರವತ್ತೊಂದರ ವಸಂತದಲ್ಲಿ, ಸಂತೆಯಲ್ಲದ ಒಂದು ಬೆಳಿಗ್ಗೆ, ಗೂನು ಬೆನ್ನಿನ ಮುದುಕನೊಬ್ಬ ಹೊಸ್ತಿಲು ದಾಟಿ ಬಂದ. ಯಾರನ್ನೂ ನೋಡದೆ ಕಿಟಕಿ ಬದಿಗೆ ಹೋಗಿ ಕೂತ. ಬಿದಿರು ಮೊಳೆಯನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಮುಚ್ಚಳ ಸರಿಸಿ ಒಂದು ಗುಟುಕು ಕುಡಿದ.

"ಸೊಪ್ಪೇ ಹಾಕಿಲ್ವಲ್ಲೇ ಸುಝೆನ್," ಎಂದ.

ಯಾನ್ ಅಕ್ಕನ ಕೈಯಿಂದ ಕೆಟ್ಲಿನ ನೀರು ನೆಲಕ್ಕೆ ಚೆಲ್ಲಿತು. ನಾನು ಕಂಡಂತೆ ಅದೊಂದೇ ಸಲ. "ಹತ್ತು ವರ್ಷ ತಡ ಮಾಡಿ ಬಂದು ಸೊಪ್ಪು ಬೇರೆ ಕೇಳ್ತಾನೆ, ಮುದಿಯ!" ಎಂದು ಬೈಯುತ್ತ ಬೈಯುತ್ತ ಅತ್ತಳು. ಒಳಗೆ ಹೋಗಿ, ಎಲ್ಲಿ ಮುಚ್ಚಿಟ್ಟಿದ್ದಳೋ, ಒಂದು ಹಿಡಿ ಸೊಪ್ಪು ತಂದಳು. ಅಂದು ಅಂಗಡಿಯಲ್ಲಿದ್ದ ಎಲ್ಲರಿಗೂ ಚಹಾ ಬಿತ್ತು.

ಅಲ್ಲಿ ಹೇಗಿತ್ತು ಎಂದು ಯಾರೋ ಕೇಳಿದರು. "ನನ್ನ ಕಸುಬಿಗೆ ಕೆಲಸ ತಪ್ಪಲಿಲ್ಲ," ಎಂದ ಅಜ್ಜ. "ಮೊದಮೊದಲು ಪೆಟ್ಟಿಗೆ ಮಾಡಿಸ್ತಿದ್ರು. ಆಮೇಲೆ ಚಾಪೆ ಸಾಕು ಅಂದ್ರು." ಅಷ್ಟು ಹೇಳಿ ಪಕ್ಕದ ಬಟ್ಟಲು ತೋರಿಸಿದ. "ಈ ಪೆನ್ನಿನ ಕ್ಯಾಪು ಯಾರದ್ದು?"

ಅಕ್ಕ ಹೇಳಿದಳು. ಪಟ್ಟಿಯಲ್ಲಿ ತಿದ್ದಿದ್ದನ್ನೂ ಹೇಳಿದಳು. ಅಜ್ಜ ಬಹಳ ಹೊತ್ತು ಆ ಕ್ಯಾಪನ್ನೇ ನೋಡಿದ, ಮುಟ್ಟಲಿಲ್ಲ.

ನಮ್ಮಲ್ಲಿ ಚಹಾದ ಹಣ ಕೊಡಲು ನಾನು ತಾನು ಎಂದು ಕಿತ್ತಾಡುವುದು ದಿನದ ಮರ್ಯಾದೆ. ಅಂದು ನಾನು ಎದ್ದೆ. ಹತ್ತು ವರ್ಷ ಆ ಹೆಬ್ಬೆರಳನ್ನು ಮಡಚಿಕೊಂಡೇ ಬದುಕಿದ್ದೆ. "ಎಲ್ಲಾ ಬಟ್ಟಲಿನ ಹಣಾನೂ ನಂದು," ಎಂದೆ. ತಪ್ಪು ಯಾರದ್ದೋ ಅವರೇ ಅಷ್ಟನ್ನೂ ಕೊಡಬೇಕು. ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಅಜ್ಜ ನನ್ನ ಮುಖ ನೋಡಿದ, ಅವನಿಗೆ ತಿಳಿಯಿತು.

"ಕೂತ್ಕೊಳೋ ಪು, ನಂದು," ಎಂದು ಮೇಣದಬತ್ತಿಯ ಮುದುಕ ಎದ್ದ. ಹಿಂದೆಯೇ ದೋಣಿಯವನು ಎದ್ದ. ಒಬ್ಬೊಬ್ಬರಾಗಿ ಹನ್ನೊಂದು ಜನ ಎದ್ದೆವು, ಒಬ್ಬರ ಕೈ ಒಬ್ಬರು ತಳ್ಳುತ್ತ, ನೋಟು ಚಾಚುತ್ತ. ಯಾರೂ ನಗುತ್ತಿರಲಿಲ್ಲ. ಮೂಲೆಯಲ್ಲಿ ಹನ್ನೆರಡನೆಯವನಾಗಿ ನಿಯೆ ಎದ್ದು ನಿಂತಿದ್ದ.

ಯಾನ್ ಅಕ್ಕ ಯಾರ ಹಣವನ್ನೂ ಮುಟ್ಟಲಿಲ್ಲ.

"ಕೂತ್ಕೊಳಿ ಎಲ್ರೂ," ಎಂದಳು. "ಹಣ ಕೊಟ್ರೆ ಪಂಚಾಯ್ತಿ ಮುಗೀತು ಅಂತ. ಇನ್ನೂ ಒಬ್ಬರು ಬರ್ಬೇಕು."

ಕೆಟ್ಲು ಎತ್ತಿ, ಪೆನ್ನಿನ ಕ್ಯಾಪನ್ನು ಅಂಗೈಯಲ್ಲಿ ಹಿಡಿದು, ಚಿಯಾವ್‌ನ ಬಟ್ಟಲಿಗೆ ಬಿಸಿನೀರು ಹಾಕಿದಳು.